ಜಾತ್ರೆ, ಮುಖ, ಕೊಕ್ಕೆ: ಒಂದೇ ಆಕ್ಷನ್ ಗೇಮಿಗೆ ಮೂರು ಥಂಬ್‌ನೇಲ್

ಒಂದೇ ಗೇಮ್, ಮೂರು ಥಂಬ್‌ನೇಲ್. ಮೂರನ್ನೂ ನಾನೇ ಬಿಡಿಸಿದ್ದು. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಪುಟದಲ್ಲಿ ಒಂದೊಂದನ್ನೂ ಎರಡೆರಡು ವಾರ ಹಾಕಿ ನೋಡಿದೆ. ಅತಿ ಹೆಚ್ಚು ಕ್ಲಿಕ್ ತಂದದ್ದನ್ನೇ ಕೊನೆಗೆ ಕಿತ್ತು ಹಾಕಿದೆ.

ಗೇಮ್ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಪಕ್ಕದಿಂದ ಕಾಣುವ 2ಡಿ ಆಕ್ಷನ್. ನಾಯಕಿಯ ಕೈಯಲ್ಲಿ ಉದ್ದ ಸರಪಳಿ, ಅದರ ತುದಿಗೆ ಕೊಕ್ಕೆ. ಅದನ್ನೇ ಬೀಸಿ ಹೊಡೆಯಬೇಕು, ಅದಕ್ಕೇ ಜೋತುಬಿದ್ದು ಹಾರಬೇಕು. ಇನ್ನೂ ಬಿಡುಗಡೆ ಆಗಿಲ್ಲ, ಹಾಗಾಗಿ ನಾನು ಲೆಕ್ಕ ಇಡುವುದು ವಿಶ್‌ಲಿಸ್ಟ್‌ಗಳದ್ದು, ಅಂದರೆ ಮುಂದೆ ಕೊಳ್ಳೋಣ ಅಂತ ಎಷ್ಟು ಜನ ಗುರುತು ಹಾಕಿಟ್ಟುಕೊಂಡರು ಅನ್ನುವುದು.

ಮೊದಲನೆಯದಕ್ಕೆ ನಾನು ಇಟ್ಟ ಹೆಸರು ‘ಜಾತ್ರೆ’. ನಡುವೆ ನಾಯಕಿ, ಸುತ್ತ ಹನ್ನೆರಡು ಶತ್ರುಗಳು, ಹಿಂದೆ ಉರಿಯುವ ಕೋಟೆ, ಮೇಲೆ ಡ್ರ್ಯಾಗನ್ ತರದ್ದು ಒಂದು, ಎಲ್ಲೆಲ್ಲೂ ಕಿಡಿ. ದೊಡ್ಡ ಪರದೆಯಲ್ಲಿ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಮೂರು ವಾರ ಕೂತು ಮಾಡಿದ್ದು, ಒಬ್ಬೊಬ್ಬ ಶತ್ರುವಿನ ಹಲ್ಲನ್ನೂ ಬಿಡಿಸಿದ್ದೆ. ಎರಡನೆಯದು ‘ಮುಖ’: ನಾಯಕಿಯ ಅರ್ಧ ಮುಖ, ಕೋಪದ ಕಣ್ಣು, ಕೆನ್ನೆ ಮೇಲೆ ಗಾಯ, ಅಷ್ಟೇ. ಮೂರನೆಯದು ‘ಕೊಕ್ಕೆ’. ಎಡಗಡೆ ಚಿಕ್ಕದಾಗಿ ನಾಯಕಿ, ಬಲಗಡೆ ದೊಡ್ಡದಾಗಿ ಒಂದೇ ರಾಕ್ಷಸ, ನಡುವೆ ಓರೆಯಾಗಿ ಹಾರುತ್ತಿರುವ ಸರಪಳಿ. ಇದಕ್ಕೆ ಹಿಡಿದದ್ದು ನಾಲ್ಕೇ ದಿನ. (ಶುರುವಿನಲ್ಲಿ ಸೀದಾ ಒಂದು ಸ್ಕ್ರೀನ್‌ಶಾಟ್ ಕೂಡ ಹಾಕಿದ್ದೆ. ಅದರ ಬಗ್ಗೆ ಮಾತು ಬೇಡ.)

ಅಳತೆಯ ವಿಷಯ ಇಲ್ಲಿ ಬರಲೇಬೇಕು, ಯಾಕೆಂದರೆ ಜಾತ್ರೆ ಸತ್ತದ್ದೇ ಅಲ್ಲಿ. ಸ್ಟೀಮ್‌ಗೆ ಕೊಡಬೇಕಾದ ಚಿಕ್ಕ ಕ್ಯಾಪ್ಸೂಲ್ (ಥಂಬ್‌ನೇಲ್‌ಗೆ ಅವರು ಕರೆಯುವ ಹೆಸರು) 462×174 ಪಿಕ್ಸೆಲ್. ಅದನ್ನು ಅವರೇ ಕುಗ್ಗಿಸಿ 184×69, 120×45 ಮಾಡಿಕೊಳ್ಳುತ್ತಾರೆ. 120×45 ಅಂದರೆ ಎಷ್ಟು ಅಂತ ಅಂದಾಜು ಸಿಗಬೇಕಾದರೆ ಮೌಸಿನ ಬಾಣವನ್ನು ಅದರ ಪಕ್ಕ ಇಟ್ಟು ನೋಡಿ, ಬಾಣದ ಎತ್ತರ ಎರಡು ಮೂರು ಸಲ ಹಿಡಿದರೆ ಚಿತ್ರ ಮುಗಿಯಿತು. ಅದರೊಳಗೆ ಹೆಸರೂ ಕಾಣಬೇಕು, ಗೇಮೂ ಕಾಣಬೇಕು. ಜಾತ್ರೆಯನ್ನು ಆ ಗಾತ್ರಕ್ಕೆ ಇಳಿಸಿದಾಗ ನನ್ನ ಹನ್ನೆರಡು ಶತ್ರುಗಳು, ಅವರ ಹಲ್ಲು, ಕೋಟೆ, ಕಿಡಿ ಎಲ್ಲ ಸೇರಿ ಕಂದು ಬಣ್ಣದ ಒಂದು ಕಲೆ ಆಯಿತು. ಚಹಾ ಚೆಲ್ಲಿದ ಹಾಗೆ.

ಪುಟಕ್ಕೆ ಹಾಕುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿದ್ದೆ. ಸ್ಟೋರಿನ ಆಕ್ಷನ್ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು, ಅದರ ನಡುವೆ ನನ್ನದನ್ನು ಅಂಟಿಸಿದೆ. ಆಮೇಲೆ ಇಡೀ ಚಿತ್ರದ ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿ, ಕುರ್ಚಿ ಹಿಂದಕ್ಕೆ ತಳ್ಳಿ, ಕಣ್ಣು ಕಿರಿದು ಮಾಡಿ ನೋಡಿದೆ. ಜಾತ್ರೆ ಎಲ್ಲಿದೆ ಅಂತ ನನಗೇ ಹುಡುಕಬೇಕಾಯಿತು, ಬಿಡಿಸಿದವನೇ ನಾನು! ಬಣ್ಣದಲ್ಲಿ ಕೆಂಪು ಬೆಂಕಿ, ನೀಲಿ ಬಟ್ಟೆ ಅಂತ ಬೇರೆಬೇರೆ ಕಂಡದ್ದು ಬಣ್ಣ ಹೋದ ಕೂಡಲೇ ಒಂದೇ ಬೂದಿ. ಮುಖ ತಕ್ಷಣ ಸಿಕ್ಕಿತು. ಕೊಕ್ಕೆ ಇನ್ನೂ ಬೇಗ ಸಿಕ್ಕಿತು, ಯಾಕೆಂದರೆ ಅದರ ಹಿನ್ನೆಲೆ ಮಾಸಲು ಹಳದಿ, ಅಕ್ಕಪಕ್ಕದವೆಲ್ಲ ಕತ್ತಲು. ಸ್ಟೀಮ್ ಪುಟವೇ ಕಡು ನೀಲಿ ಅಲ್ವಾ, ಅಂಚು ಕಪ್ಪಾಗಿರುವ ಚಿತ್ರ ಪುಟದೊಳಗೆ ಕರಗಿಹೋಗುತ್ತದೆ. ಹಾಗಂತ ಹಳದಿಯೇ ಮಂತ್ರ ಅಲ್ಲ, ಎಲ್ಲರೂ ಹಳದಿ ಹಾಕಿದ ದಿನ ನಾನು ಕಪ್ಪಿಗೆ ಹೋಗುತ್ತೇನೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಗೇಮ್ ನೋಡಿಯೇ ಇರದ ಗೆಳೆಯರಿಗೆ ಒಂದೊಂದನ್ನೂ ಒಂದು ಸೆಕೆಂಡ್ ತೋರಿಸಿ ಮುಚ್ಚಿ, "ಇದರಲ್ಲಿ ಏನು ಮಾಡಬೇಕು?" ಅಂತ ಕೇಳಿದೆ. ಚೆನ್ನಾಗಿದೆಯಾ ಅಂತ ಕೇಳಬಾರದು, ಸುಮ್ನೆ ಚೆನ್ನಾಗಿದೆ ಅಂದುಬಿಡುತ್ತಾರೆ. ಜಾತ್ರೆಗೆ ಬಂದ ಉತ್ತರ: "ಸೈನ್ಯ ಕಟ್ಟೋದಾ?" ಮುಖಕ್ಕೆ: "ಯಾವುದೋ ಕಥೆ ಇರೋ ಗೇಮು." ಕೊಕ್ಕೆಗೆ: "ಏನೋ ಬೀಸ್ತಾಳೆ, ಆ ದೊಡ್ಡದಕ್ಕೆ." ಅಷ್ಟು ಸಾಕಿತ್ತು ನನಗೆ. ಆದರೂ ಸಂಖ್ಯೆ ನೋಡದೆ ನಂಬುವ ಮನಸ್ಸಾಗಲಿಲ್ಲ.

ಫೋನ್ ಗೇಮ್ ಮಾಡುವವರು ಇಲ್ಲಿ ಪುಣ್ಯವಂತರು. ಗೂಗಲ್ ಪ್ಲೇಯಲ್ಲಿ ಸ್ಟೋರ್ ಪುಟದ ಪ್ರಯೋಗ ಅಂತಲೇ ಒಂದು ಸೌಲಭ್ಯ ಇದೆ, ಒಂದೇ ಹೊತ್ತಿಗೆ ಬೇರೆಬೇರೆ ಜನರಿಗೆ ಬೇರೆಬೇರೆ ಐಕಾನ್ ತೋರಿಸಿ ಹೋಲಿಸಿಕೊಡುತ್ತದೆ. ಸ್ಟೀಮ್ ಥಂಬ್‌ನೇಲ್‌ಗೆ ಅಂಥದ್ದಿಲ್ಲ. ಎಷ್ಟು ಸಲ ಕಣ್ಣಿಗೆ ಬಿತ್ತು, ಎಷ್ಟು ಜನ ಒಳಗೆ ಬಂದರು ಅನ್ನುವುದು ಮಾತ್ರ ಸಿಗುತ್ತದೆ. ಹಾಗಾಗಿ ಒಂದಾದ ಮೇಲೆ ಒಂದು ಹಾಕಿ ಕಾಯಬೇಕು. ನಡುವೆ ದೊಡ್ಡ ಸೇಲ್ ಬಂದರೆ ಇಡೀ ಲೆಕ್ಕ ಕೆಟ್ಟಹಾಗೆ. ಮುಖದ ಮೊದಲ ಸುತ್ತಿನಲ್ಲಿ ಹಾಗೇ ಆಯಿತು, ಅದನ್ನು ಬಿಟ್ಟು ಮತ್ತೆ ಎರಡು ವಾರ ಓಡಿಸಿದೆ.

ಫಲಿತಾಂಶಕ್ಕೆ ಬರೋಣ. ಜಾತ್ರೆ ಎಲ್ಲದರಲ್ಲೂ ಹಿಂದೆ. ಮುಖಕ್ಕೆ ಕೊಕ್ಕೆಗಿಂತ ಜಾಸ್ತಿ ಕ್ಲಿಕ್ ಬಂತು, ಸ್ವಲ್ಪ ಅಲ್ಲ, ಕಣ್ಣಿಗೆ ಹೊಡೆಯುವಷ್ಟೇ ಬಂತು. ಕುಣಿದಾಡಿದೆ. ಎರಡನೇ ವಾರ ವಿಶ್‌ಲಿಸ್ಟ್ ಪಟ್ಟಿ ತೆರೆದಾಗ ಕುಣಿತ ನಿಂತಿತು. ಬಂದವರು ಹಾಗೇ ವಾಪಸ್ ಹೋಗಿದ್ದರು. ಒಳಗೆ ಬಂದವರಲ್ಲಿ ವಿಶ್‌ಲಿಸ್ಟ್ ಒತ್ತಿದವರು ಎಷ್ಟು ಅಂತ ಭಾಗಿಸಿ ನೋಡಿದರೆ ಕೊಕ್ಕೆ ಎಷ್ಟೋ ಮುಂದಿತ್ತು, ಒಟ್ಟು ವಿಶ್‌ಲಿಸ್ಟ್ ಸಂಖ್ಯೆಯಲ್ಲೂ ಅದೇ ಗೆದ್ದಿತು. ಗೆಳೆಯರ ಉತ್ತರ ಆಗ ಜ್ಞಾಪಕಕ್ಕೆ ಬಂತು. ಮುಖ ನೋಡಿ ಕಥೆ ಬೇಕು ಅಂತ ಬಂದವರಿಗೆ ಟ್ರೈಲರಿನ ಮೊದಲ ಸೆಕೆಂಡಿನಲ್ಲೇ ಸರಪಳಿ ಏಟು ಬಿದ್ದರೆ ಅವರು ನಿಲ್ಲುವುದಾದರೂ ಯಾಕೆ? ತಪ್ಪು ಅವರದ್ದಲ್ಲ, ಬೋರ್ಡ್ ಒಂದು ಹಾಕಿ ಒಳಗೆ ಇನ್ನೊಂದು ಮಾರುತ್ತಿದ್ದವನು ನಾನು.

ಕೊಕ್ಕೆಯನ್ನು ಸರಿ ಮಾಡಿದ್ದು ಹೇಗೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮೊದಲ ಸಲ ಅದೂ ಕೆಟ್ಟಿತ್ತು. ಏಟು ತಗಲುವ ಗಳಿಗೆಯನ್ನೇ ಬಿಡಿಸಿದ್ದೆ: ಕೊಕ್ಕೆ ರಾಕ್ಷಸನ ದವಡೆಗೆ ಬಡಿದು ಬಿಳಿ ಬೆಳಕು ಚಿಮ್ಮುತ್ತಿದೆ. ಚಿಕ್ಕದಾದಾಗ ಆ ಬೆಳಕು ಕೊಕ್ಕೆಯನ್ನೂ ನುಂಗಿತು, ದವಡೆಯನ್ನೂ ನುಂಗಿತು. ಆಮೇಲೆ ಕಾಲವನ್ನು ಒಂದು ಕ್ಷಣ ಹಿಂದಕ್ಕೆ ಎಳೆದೆ. ಕೊಕ್ಕೆ ಇನ್ನೂ ತಗಲಿಲ್ಲ. ಕೊಕ್ಕೆಗೂ ದವಡೆಗೂ ನಡುವೆ ಬರೀ ಹಳದಿ, ಏನೂ ಇಲ್ಲ. ಆ ಖಾಲಿ ಜಾಗದಿಂದಲೇ ಎರಡೂ ಬೇರೆಬೇರೆಯಾಗಿ ಎದ್ದು ಕಂಡವು. ಸರಪಳಿಯ ಕೊಂಡಿಗಳನ್ನು ಇಪ್ಪತ್ತಾರರಿಂದ ಒಂಬತ್ತಕ್ಕೆ ಇಳಿಸಿ ದಪ್ಪ ಮಾಡಿದೆ. ವೇಗ ತೋರಿಸಲು ಎಳೆದಿದ್ದ ಮಸುಕು ಗೆರೆಗಳನ್ನು ಒರೆಸಿ ಹಾಕಿದೆ, ಚಿಕ್ಕದಾದಾಗ ಅವು ವೇಗದ ಹಾಗಲ್ಲ, ಫೈಲ್ ಕೆಟ್ಟ ಹಾಗೆ ಕಾಣುತ್ತಿದ್ದವು. ಸರಪಳಿ ಬಾಗಿರುವ ರೀತಿಯೇ ವೇಗ ಹೇಳುತ್ತದೆ.

ಹೆಸರು ಕೂಡ ಜಗಳ ತಂದಿಟ್ಟಿತು. ನಂದು ಎರಡು ಪದದ ಹೆಸರು. ಜಾತ್ರೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ, ಬೆಂಕಿ ಮೇಲೆ ಹಾಕಿ ಸುತ್ತ ಕಪ್ಪು ನೆರಳು ಕೊಟ್ಟು ಹೇಗೋ ತಳ್ಳಿದ್ದೆ. ಕೊಕ್ಕೆಯಲ್ಲಿ ಸರಪಳಿಯ ಬಾಗಿನ ಕೆಳಗೆ ತಾನಾಗಿ ಜಾಗ ಬಿಟ್ಟಿತ್ತು. ಚಿಕ್ಕ ಕ್ಯಾಪ್ಸೂಲಿಗೆ ಮಾತ್ರ ರಾಕ್ಷಸನನ್ನೂ ಬಿಟ್ಟು, ಹೆಸರು ಮತ್ತು ಕೊಕ್ಕೆ ಎರಡನ್ನೇ ಅಂಚಿನ ತನಕ ತುಂಬಿಸಿದೆ. ಹೆಸರಿನ ಜೊತೆ ‘ಡೆಮೊ ಬಂದಿದೆ’ ಅಂತ ಸೇರಿಸುವ ಆಸೆಯೂ ಇತ್ತು. ಆಗಲ್ಲ. 2022ರ ಸೆಪ್ಟೆಂಬರ್‌ನಿಂದ ಸ್ಟೀಮ್ ಕ್ಯಾಪ್ಸೂಲಿನಲ್ಲಿ ಚಿತ್ರ, ಗೇಮಿನ ಹೆಸರು, ಅದರ ಉಪಶೀರ್ಷಿಕೆ ಬಿಟ್ಟರೆ ರಿವ್ಯೂ ಅಂಕ, ಪ್ರಶಸ್ತಿ, ರಿಯಾಯಿತಿ ಏನನ್ನೂ ಬರೆಯುವಂತಿಲ್ಲ. ಒಳ್ಳೆಯದೇ ಆಯಿತು ಅನ್ನಿ.

ಇಚ್.ಐಒ ಅನ್ನುವ ಇನ್ನೊಂದು ಗೇಮ್ ಅಂಗಡಿಯಲ್ಲಿ ಆಟವೇ ಬೇರೆ. ಅಲ್ಲಿ ಕವರ್ 630×500, ಹೆಚ್ಚುಕಡಿಮೆ ಚೌಕ, ಪುಟವೂ ಬಿಳಿ. ಸ್ಟೀಮ್‌ನಲ್ಲಿ ಎದ್ದು ಕಂಡ ನನ್ನ ಹಳದಿ ಅಲ್ಲಿ ಮಂಕಾಯಿತು, ಹಿನ್ನೆಲೆಯನ್ನು ಕಡು ಕೆಂಪು ಮಾಡಬೇಕಾಯಿತು. ಜಿಐಎಫ್ (ಚಲಿಸುವ ಚಿತ್ರ) ಹಾಕಬಹುದು ಅಂತ ಖುಷಿಯಿಂದ ಹಾಕಿದೆ. ಮೌಸ್ ಮೇಲೆ ಹೋಗುವ ತನಕ ಅದರ ಮೊದಲ ಫ್ರೇಮ್ ಮಾತ್ರ ಕಾಣುತ್ತದೆ, ನನ್ನ ಮೊದಲ ಫ್ರೇಮ್ ಕಪ್ಪಿನಿಂದ ನಿಧಾನಕ್ಕೆ ಮೂಡುವಂಥದ್ದು. ಒಂದು ವಾರ ಪೂರ್ತಿ ನನ್ನ ಗೇಮ್ ಒಂದು ಕಪ್ಪು ಡಬ್ಬಿ! ಅಲ್ಲೇ ಹೆಸರನ್ನು ಕನ್ನಡದಲ್ಲೂ ಬರೆದು ನೋಡಿದೆ. ಒತ್ತಕ್ಷರಗಳು ಕೆಳಗೆ ಮಸಿ ಚುಕ್ಕೆ ಆದವು. ಫಾಂಟ್ ನಂಬದೆ ಒತ್ತನ್ನು ಕೈಯಲ್ಲೇ ದೊಡ್ಡದಾಗಿ ಬರೆದ ಮೇಲೆ ಓದುವ ಹಾಗಾಯಿತು.

ಮುಖಕ್ಕೆ ಅನ್ಯಾಯ ಮಾಡಬಾರದು. ಒಂದು ಜಾಗದಲ್ಲಿ ಅದು ಕೊಕ್ಕೆಯನ್ನು ಸೋಲಿಸಿತು. ಸ್ಟೀಮಿನ ಉದ್ದ ಕ್ಯಾಪ್ಸೂಲ್ 748×896, ಅಗಲಕ್ಕಿಂತ ಎತ್ತರ ಜಾಸ್ತಿ. ಮುಖ ಅದರಲ್ಲಿ ಹೇಳಿ ಮಾಡಿಸಿದ ಹಾಗೆ ಕೂತಿತು. ಕೊಕ್ಕೆಯನ್ನು ಕತ್ತರಿಸಿದರೆ ಒಂದೋ ನಾಯಕಿ ಹೋಗುತ್ತಾಳೆ, ಇಲ್ಲ ರಾಕ್ಷಸ ಹೋಗುತ್ತಾನೆ. ನಾಯಕಿ, ರಾಕ್ಷಸ, ಸರಪಳಿಯ ಪದರಗಳನ್ನು ಬೇರೆಬೇರೆ ಇಟ್ಟುಕೊಂಡಿದ್ದೇ ಉಳಿಸಿತು. ಈಗ ಕೊಕ್ಕೆಯನ್ನು ಲಂಬವಾಗಿ ಬಿಡಿಸುತ್ತಿದ್ದೇನೆ: ಸರಪಳಿ ಮೇಲಿನಿಂದ ಇಳಿಬಿದ್ದಿದೆ, ಅದಕ್ಕೆ ಜೋತುಬಿದ್ದ ನಾಯಕಿ, ಕೆಳಗೆ ಬಾಯಿ ತೆರೆದ ರಾಕ್ಷಸ. ಅವಳ ಕಾಲು ರಾಕ್ಷಸನ ಮೂಗಿಗೆ ತಗಲುತ್ತಿದೆ. ಕಾಲು ಸ್ವಲ್ಪ ಮಡಚಿಸಬೇಕು, ನಡುವೆ ಆ ಖಾಲಿ ಜಾಗ ಇಲ್ಲೂ ಬೇಕಲ್ಲ.