ಡ್ಯುರಾಮ್ಯಾಕ್ಸ್ ಬ್ರೀದರ್‌ಗೆ (ಇಂಜಿನ್ ಹೊಗೆ ಹೊರಹೋಗುವ ದಾರಿ) ಹಾರ್ಡ್‌ವೇರ್ ಅಂಗಡಿ ಪೈಪ್: ಐದಕ್ಕೆ ಎರಡು ಅಂಕ

ಮಿಷಿಗನ್‌ನಲ್ಲಿರುವ ನಮ್ಮ ಭಾವನ ಹತ್ರ 2006ರ ಷೆವ್ರೊಲೆ ಸಿಲ್ವರಾಡೋ ಪಿಕಪ್ ಇದೆ, 6.6 ಲೀಟರ್ ಡ್ಯುರಾಮ್ಯಾಕ್ಸ್ ಡೀಸೆಲ್. ಈ ಇಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸ್ (ಇಂಜಿನ್ನಿನ ಕೆಳಭಾಗದ ಪೆಟ್ಟಿಗೆ) ಹೊಗೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋ ಬಾಯಿಗೇ ವಾಪಸ್ ಹೋಗುತ್ತದೆ, ಜೊತೆಗೆ ಆಯಿಲ್ ಆವಿಯೂ ಸೇರಿ ಆ ಗಾಳಿ ತಣಿಸುವ ಇಂಟರ್‌ಕೂಲರ್‌ನ ಪೈಪಿನ ಒಳಗೆಲ್ಲ ಜಿಡ್ಡು. ಅದನ್ನು ತಪ್ಪಿಸಿ ಚಾಸಿ ಕೆಳಗೆ ಬಿಡಲು ಅವರು ತಂದಿದ್ದು ನೂಲು ಹೆಣೆದ ಪಾರದರ್ಶಕ ಪಿವಿಸಿ ಪೈಪ್, ಅದನ್ನು ಜೋಡಿಸಲು ಹಿತ್ತಾಳೆ ನಿಪ್ಪಲ್, ಬಿಗಿಯಲು ಸ್ಟೀಲ್ ಕ್ಲಾಂಪ್.

ನಿಪ್ಪಲ್, ಕ್ಲಾಂಪ್ ಎರಡೂ ಚೆನ್ನಾಗಿವೆ, ಸುಮ್ನೆ ಹೆಸರಿಡೋದು ಬೇಡ. ಆದ್ರೆ ಪೈಪ್? ಅದು ನೀರಿಗೆ ಮಾಡಿದ್ದು. ಇಂಜಿನ್ ಬಿಸಿಗೆ ಮೆತ್ತಗಾಗಿ ತಿರುವಿನಲ್ಲಿ ಚಪ್ಪಟೆಯಾಯ್ತು, ಆಮೇಲೆ ಹಳದಿಗೆ ತಿರುಗಿ ಗಟ್ಟಿಯಾಯ್ತು, ಬೆರಳಲ್ಲಿ ಒತ್ತಿದರೆ ಟಕ್ ಅನ್ನುತ್ತೆ. ಪೈಪ್ ಮಡಚಿಕೊಂಡರೆ ಇಂಜಿನ್ ಒಳಗೆ ಒತ್ತಡ ಏರಿ ಆಯಿಲ್ ಸೀಲ್ ಸೋರುತ್ತದೆ. ಚಳಿಗಾಲದಲ್ಲಂತೂ ಆವಿಯ ನೀರು ಪೈಪಿನ ತುದಿಯಲ್ಲೇ ಹೆಪ್ಪುಗಟ್ಟಿ ಮುಚ್ಚಿಬಿಡಬಹುದು, ಮಿಷಿಗನ್ ಚಳಿ ಗೊತ್ತಲ್ವಾ.

ಇನ್ನೊಂದು ವಿಷಯ: ಹೊಗೆ ಟರ್ಬೋಗೆ ವಾಪಸ್ ಹೋಗುವ ಕಂಪನಿ ಜೋಡಣೆ ಕಿತ್ತು ಹೊಗೆಯನ್ನು ಗಾಳಿಗೆ ಬಿಡುವುದು ಅಮೆರಿಕದ ಕ್ಲೀನ್ ಏರ್ ಆಕ್ಟ್ ಪ್ರಕಾರ ತಪ್ಪು. ಗಾಡಿ ನಿಂತಾಗ ಕ್ಯಾಬಿನ್ನಿಗೆ ವಾಸನೆ ಬೇರೆ.

ನನ್ನ ಕೇಳಿದರೆ ಇದಕ್ಕೆ ದುಡ್ಡು ಹಾಕಬೇಡಿ. ಮಧ್ಯೆ ಆಯಿಲ್ ಹಿಡಿದಿಡುವ ಒಂದು ಡಬ್ಬಿ (ಕ್ಯಾಚ್ ಕ್ಯಾನ್) ಇಟ್ಟು, ಹೊಗೆ ಮತ್ತೆ ಟರ್ಬೋಗೇ ಹೋಗುವಂತೆ ಮಾಡಿಸಿ. ಪೈಪ್ ಮಾತ್ರ ಆಯಿಲ್ ತಡೆಯುವ ನೈಟ್ರೈಲ್ ರಬ್ಬರಿನದೇ ಇರಲಿ, ಆಟೋ ಬಿಡಿಭಾಗದ ಅಂಗಡಿಯಲ್ಲಿ ಅಳತೆಗೆ ಕತ್ತರಿಸಿ ಕೊಡುತ್ತಾರೆ. ಕ್ಲಾಂಪ್ ಬೇಕಾದ್ರೆ ಹಾರ್ಡ್‌ವೇರ್ ಅಂಗಡಿಯದೇ ಸಾಕು.