ರೆಡಿಮೇಡ್ ಡೆಸ್ಕ್‌ಟಾಪ್, ಅಂಗಡಿಯವರ ಅಸೆಂಬಲ್, ನಾನೇ ಜೋಡಿಸಿದ್ದು: ಮೂರರ ಮೇಲೂ ಕೆಲಸ ಮಾಡಿದ ಮೇಲೆ

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ನಾನೇ ಜೋಡಿಸಿದ ಕಂಪ್ಯೂಟರ್‌ಗೆ. ಬಳ್ಳಾರಿಯಲ್ಲಿ ಮನೆಯಲ್ಲೇ ಕೂತು ಮದುವೆ ಆಲ್ಬಂ ಡಿಸೈನ್ ಮಾಡೋನು ನಾನು. ಮೊದಲು ಕಂಪನಿ ರೆಡಿಮೇಡ್ ಡೆಸ್ಕ್‌ಟಾಪ್ ಇತ್ತು. ಅದು ಕೈಕೊಟ್ಟ ಸೀಸನ್ ಪೂರ್ತಿ ಭಾಮೈದನ ಸ್ಟುಡಿಯೋದಲ್ಲಿ, ಅಂಗಡಿಯವರು ಅಸೆಂಬಲ್ ಮಾಡಿಕೊಟ್ಟ ಮಷೀನ್ ಮೇಲೆ ಕೆಲಸ ಮಾಡಿದೆ. ಈಗಿರೋದು ನನ್ನದೇ ಕೈಕೆಲಸ.

ರೆಡಿಮೇಡ್ ಬಗ್ಗೆ ದೂರೋಕೆ ಬಹಳ ಇಲ್ಲ. ಪೆಟ್ಟಿಗೆ ಬಿಚ್ಚಿ ವೈರ್ ಚುಚ್ಚಿದರೆ ಶುರು. ವಾರಂಟಿ ಇರೋವರೆಗೂ ಮನೆಗೇ ಬಂದು ರಿಪೇರಿ ಮಾಡ್ತಾರೆ. ತೊಂದರೆ ಆಮೇಲಿನದು. ವಾರಂಟಿ ಮುಗಿದ ಮೇಲೆ ಒಂದು ರಾತ್ರಿ ವೋಲ್ಟೇಜ್ ಏರಿಳಿದು ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ಕರೆಂಟ್ ಕೊಡೋ ಡಬ್ಬಿ, ಸುಟ್ಟಿತು. ಊರಲ್ಲಿ ಎಸ್‌ಎಂಪಿಎಸ್‌ಗೆ ಬರವಿಲ್ಲ, ಆದರೆ ಅಂಗಡಿಯಲ್ಲಿ ಸಿಗೋದು 24 ಪಿನ್ನಿನ ಕನೆಕ್ಟರ್ ಇರೋದು, ನನ್ನ ಮಷೀನಿನ ಮದರ್‌ಬೋರ್ಡ್‌ಗೆ ಆ ಕಂಪನಿಯದೇ ಬೇರೆ ಅಳತೆಯ ಕನೆಕ್ಟರ್. ಒಂದು ಬಿಡಿಭಾಗಕ್ಕೋಸ್ಕರ ಇಡೀ ಕಂಪ್ಯೂಟರ್ ಮೂಲೆ ಸೇರಿತು, ಅದೂ ಲಗ್ನದ ಸೀಸನ್‌ನಲ್ಲಿ.

ಭಾಮೈದನ ಮಷೀನ್‌ನಲ್ಲಿರೋದು ರೈಜೆನ್ 5 5600ಜಿ. ನಾನು ಆಮೇಲೆ ತಗೊಂಡಿದ್ದೂ ಅದೇ ಪ್ರೊಸೆಸರ್, ಹಾಗಾಗಿ ಹೋಲಿಸೋಕೆ ನ್ಯಾಯ ಇದೆ. ಇದರಲ್ಲಿ ಗ್ರಾಫಿಕ್ಸ್ ಒಳಗೇ ಇರೋದರಿಂದ ಬೇರೆ ಕಾರ್ಡ್ ಬೇಡ, ಬದಲಿಗೆ ಅದು ರ‍್ಯಾಮನ್ನೇ ಹಂಚಿಕೊಳ್ಳುತ್ತೆ. 8 ಜಿಬಿಯ ಎರಡು ಸ್ಟಿಕ್ ಹಾಕಿದರೆ ಎರಡು ಚಾನಲ್, ಅಂದರೆ ಡೇಟಾ ಓಡಾಡೋಕೆ ಎರಡು ದಾರಿ ತೆರೆದುಕೊಳ್ಳುತ್ತೆ, 16 ಜಿಬಿಯ ಒಂದೇ ಸ್ಟಿಕ್ ಹಾಕಿದರೆ ಒಂದೇ. ಅವನು ಎರಡು ಬೇಕು ಅಂತ ಕೇಳಿದಾಗ ಅಂಗಡಿಯವರು, "ಅಣ್ಣಾ, ಎರಡು ಯಾಕ್ರೀ? ಒಂದೇ 16 ಹಾಕ್ತೀನಿ, ಮುಂದ ಬೇಕಂದ್ರ ಇನ್ನೊಂದು ಹಾಕಿಸ್ಕೊಳ್ರಿ" ಅಂದರಂತೆ. ಆ ಮಾತಿನ ಬೆಲೆ ಫೋಟೋಶಾಪ್‌ನಲ್ಲಿ ಗೊತ್ತಾಗುತ್ತೆ. ಅವನ ಮಷೀನ್‌ನಲ್ಲಿ ಹತ್ತಾರು ಲೇಯರ್ ಇರೋ ಪುಟವನ್ನ ಜೂಮ್ ಮಾಡಿ ಸರಿಸಿದರೆ ಚಿತ್ರ ತಡವರಿಸುತ್ತೆ. ನನ್ನದರಲ್ಲಿ ಅದೇ ಫೈಲ್ ಸಲೀಸಾಗಿ ಓಡುತ್ತೆ.

ಇನ್ನೊಂದು, ಬಿಲ್ಲು. "ಬಿಲ್ ಬೇಕಂದ್ರ 18 ಪರ್ಸೆಂಟ್ ಜಿಎಸ್‌ಟಿ ಬೀಳ್ತದ" ಅಂದ ತಕ್ಷಣ ಬಹಳ ಜನ ಬೇಡ ಅಂತಾರೆ. ಸೀರಿಯಲ್ ನಂಬರ್ ಬರೆದ ಬಿಲ್ ಇಲ್ಲದಿದ್ದರೆ ನಾಳೆ ಸರ್ವಿಸ್ ಸೆಂಟರ್‌ನಲ್ಲಿ ಏನಂತ ವಾದ ಮಾಡ್ತೀರಿ? ಪ್ರೊಸೆಸರ್ ಕೂಡ ಬಾಕ್ಸ್‌ನಲ್ಲಿ ಬಂದಿದ್ದಕ್ಕೇ ಎಎಂಡಿಯ 3 ವರ್ಷದ ವಾರಂಟಿ, ಬಿಡಿಯಾಗಿ ಟ್ರೇನಲ್ಲಿ ಬಂದಿದ್ದಕ್ಕೆ ಅದಿಲ್ಲ. ಅಂಗಡಿಯ ಒಳ್ಳೆಯ ಗುಣವನ್ನೂ ಹೇಳಬೇಕು: ಕೆಟ್ಟರೆ ಸ್ಕೂಟರ್ ಮೇಲೆ ಇಟ್ಟುಕೊಂಡು ಹೋಗಿ ಅಲ್ಲೇ ನಿಂತು ಸರಿಮಾಡಿಸಬಹುದು.

ಇನ್ನು ನನ್ನದು. ಬೆಂಗಳೂರಿನ ಕಂಪ್ಯೂಟರ್ ಮಾರ್ಕೆಟ್ಟಾದ ಎಸ್‌ಪಿ ರೋಡಿನ ರೇಟು ಕೇಳಿ, ಆನ್‌ಲೈನ್ ರೇಟು ನೋಡಿ, ಕ್ಯಾಬಿನೆಟ್ ಮತ್ತು ಎಸ್‌ಎಂಪಿಎಸ್ ಊರಲ್ಲೇ ಬಿಲ್ ಸಮೇತ ತಗೊಂಡು, ಉಳಿದಿದ್ದನ್ನ ತರಿಸಿಕೊಂಡೆ. ಜೋಡಿಸೋದರಲ್ಲಿ ಜನ ಹೆದರೋದು ಪ್ರೊಸೆಸರ್ ಕೂರಿಸೋಕೆ. ಈ ಪ್ರೊಸೆಸರ್ ಕೂರೋ ಎಎಂ4 ಅನ್ನೋ ಸಾಕೆಟ್ ಮಾದರಿಯಲ್ಲಿ ಪಿನ್ನುಗಳು ಪ್ರೊಸೆಸರ್ ಅಡಿಯಲ್ಲೇ ಇರುತ್ತವೆ, ಬಗ್ಗಿದರೆ ಕಷ್ಟ ನಿಜ. ಆದರೆ ಸಾಕೆಟ್‌ನ ಕಡ್ಡಿ ಎತ್ತಿ, ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನ ಸಾಕೆಟ್‌ನ ತ್ರಿಕೋನಕ್ಕೆ ಸರಿಹೊಂದಿಸಿ ಇಟ್ಟರೆ ತನ್ನ ಭಾರಕ್ಕೇ ಒಳಗಿಳಿಯುತ್ತೆ. ಒತ್ತೋದೇ ಬೇಡ. ಫ್ಯಾನಿನ ನಾಲ್ಕು ಸ್ಕ್ರೂಗಳನ್ನ ಎದುರುಬದುರು ಮೂಲೆಯಿಂದ ಸ್ವಲ್ಪಸ್ವಲ್ಪವೇ ತಿರುಗಿಸಬೇಕು. ರ‍್ಯಾಮ್ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ. ಪವರ್ ಬಟನ್ನಿನ ಸಣ್ಣ ವೈರುಗಳಿಗೆ ಮ್ಯಾನುಯಲ್ ಚಿತ್ರ ನೋಡಿದರೆ ಸಾಕು.

ಗೋಳಾಡಿಸಿದ್ದು ಬೇರೆಯೇ. ಸ್ವಿಚ್ ಹಾಕಿದೆ, ಫ್ಯಾನ್ ತಿರುಗಿತು, ಪರದೆ ಕಪ್ಪು. ಬೋರ್ಡಿನ ಅಂಚಿನಲ್ಲಿ ಸಿಪಿಯು ಅಂತ ಬರೆದಿರೋ ಪುಟ್ಟ ಕೆಂಪು ದೀಪ ಹತ್ತಿ ಹಾಗೇ ನಿಂತಿತು. ರ‍್ಯಾಮ್ ತೆಗೆದು ಹಾಕಿದೆ, ಪ್ರೊಸೆಸರ್‌ನ 8 ಪಿನ್ ಪವರ್ ಕೇಬಲ್ ಬಿಚ್ಚಿ ಮತ್ತೆ ಚುಚ್ಚಿದೆ, ಎಚ್‌ಡಿಎಂಐ ಕೇಬಲ್ ಬದಲಿಸಿದೆ. ದೀಪ ಜಪ್ಪಯ್ಯ ಅನ್ನಲಿಲ್ಲ. ಒಬ್ಬ ಟೆಕ್ನಿಷಿಯನ್‌ಗೆ ಫೋನ್ ಮಾಡಿದರೆ ನೋಡದೇನೇ "ಪ್ರೊಸೆಸರ್ ಹೋಗ್ಯದ, ತಗೊಂಡ್ ಬರ‍್ರಿ" ಅಂದರು.

ಪ್ರೊಸೆಸರ್‌ಗೆ ಏನೂ ಆಗಿರಲಿಲ್ಲ. ನಾನು ತಗೊಂಡಿದ್ದು ಬಿ450 ಚಿಪ್‌ಸೆಟ್‌ನ (ಬೋರ್ಡಿನ ಭಾಗಗಳನ್ನ ಹೊಂದಿಸಿ ನಡೆಸೋ ಚಿಪ್) ಬೋರ್ಡ್. ಆ ಚಿಪ್‌ಸೆಟ್ ಬಂದಿದ್ದು 2018ರಲ್ಲಿ, 5600ಜಿ ಅಂಗಡಿಗೆ ಬಂದಿದ್ದು 2021ರಲ್ಲಿ. ಎರಡೂ ಹೊಂದುತ್ತವೆ ಅಂತ ಬೋರ್ಡ್ ಕಂಪನಿಯ ಪಟ್ಟಿಯಲ್ಲೇ ಇದೆ, ಬಯಾಸ್, ಅಂದರೆ ಬೋರ್ಡಿನೊಳಗೇ ಇದ್ದು ಮಷೀನನ್ನ ಶುರುಮಾಡೋ ಸಾಫ್ಟ್‌ವೇರ್, ಹೊಸದಿದ್ದರೆ ಮಾತ್ರ. ಮಾರಾಟಗಾರ ಹಳೇ ಸ್ಟಾಕ್ ಕಳಿಸಿದ್ದ. ಬಯಾಸ್ ಅಪ್‌ಡೇಟ್ ಮಾಡೋಣ ಅಂದರೆ ಮಷೀನ್ ಆನ್ ಆಗಬೇಕು, ಆನ್ ಆಗಬೇಕು ಅಂದರೆ ಬಯಾಸ್ ಅಪ್‌ಡೇಟ್ ಆಗಿರಬೇಕು. ಹೊಸಬರು ಇಲ್ಲೇ ಸೋತು ಬೋರ್ಡ್ ವಾಪಸ್ ಕಳಿಸೋದು.

ಕಾಪಾಡಿದ್ದು ಬೋರ್ಡಿನ ಹಿಂಭಾಗದ ಒಂದು ಸಣ್ಣ ಬಟನ್. ಅದಿದ್ದರೆ ಪ್ರೊಸೆಸರ್ ಕೆಲಸ ಮಾಡದೇ ಇದ್ದರೂ ಬಯಾಸ್ ಬದಲಿಸಬಹುದು. ಭಾಮೈದನ ಮಷೀನ್‌ನಲ್ಲೇ ಫೈಲ್ ಇಳಿಸಿಕೊಂಡು, 16 ಜಿಬಿ ಪೆನ್‌ಡ್ರೈವನ್ನ ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿ, ಮ್ಯಾನುಯಲ್‌ನಲ್ಲಿ ಹೇಳಿದ ಹೆಸರನ್ನೇ ಫೈಲ್‌ಗೆ ಕೊಟ್ಟು, ಅದಕ್ಕಂತಲೇ ಇರೋ ಯುಎಸ್‌ಬಿ ಪೋರ್ಟ್‌ಗೆ ಹಾಕಿ ಬಟನ್ ಒತ್ತಿದೆ. ದೀಪ ಮಿಣುಕೋಕೆ ಶುರುವಾಯಿತು. ಅದು ನಿಲ್ಲೋವರೆಗೂ ಕರೆಂಟ್ ಹೋಗಬಾರದು, ಹೋದರೆ ಬಯಾಸ್ ಅರ್ಧಕ್ಕೇ ಕೆಟ್ಟು ನಿಲ್ಲಬಹುದು. ಬೇಸಿಗೆಯಲ್ಲಿ ಜೆಸ್ಕಾಂ ಕರೆಂಟ್ ನಂಬಿ ಇದನ್ನ ಮಾಡೋ ಧೈರ್ಯ ನನಗಿಲ್ಲ, ಯುಪಿಎಸ್ ಮೇಲೇ ಮಾಡಿದೆ. ಮಿಣುಕು ನಿಂತ ಮೇಲೆ ಪವರ್ ಒತ್ತಿದರೆ ಪರದೆ ಮೇಲೆ ಅಕ್ಷರ ಮೂಡಿತು. ಖುಷಿಗೆ ಮನೆಮಂದಿಯನ್ನೆಲ್ಲ ಕರೆದು ತೋರಿಸಿದೆ.

ಈಗ ಕೊಳ್ಳೋರು ಡಬ್ಬಿ ಮೇಲೆ ರೈಜೆನ್ 5000 ರೆಡಿ ಅಂತ ಸ್ಟಿಕ್ಕರ್ ಇದೆಯಾ ನೋಡಿ, ಇಲ್ಲದಿದ್ದರೆ ಆ ಬಟನ್ ಇರೋ ಬೋರ್ಡನ್ನೇ ತಗೊಳ್ಳಿ.

ಧೂಳು: ನಮ್ಮೂರ ಕೆಂಪು ಮಣ್ಣಿಗೆ ಮುಂದೆ ಎಳೆದು ತೊಳೆಯೋ ಫಿಲ್ಟರ್ ಇರೋ ಕ್ಯಾಬಿನೆಟ್ ಬೇಕೇ ಬೇಕು. ಈ ಆಯ್ಕೆ ರೆಡಿಮೇಡ್‌ನಲ್ಲಿ ನನಗಿರಲಿಲ್ಲ. ಸದ್ದು: ಮೂರೂ ಒಂದೇ.

ಮಾನಿಟರ್ ಹಳೆಯದೇ ಇದ್ದಿದ್ದರಿಂದ ನನ್ನ ಖರ್ಚು 40 ಸಾವಿರ ದಾಟಲಿಲ್ಲ, ಅಂಗಡಿಯವರು ಇದಕ್ಕೇ ಹೇಳಿದ್ದೂ ಹತ್ತಿರಹತ್ತಿರ ಅಷ್ಟೇ. ಅಂದರೆ ಉಳಿತಾಯಕ್ಕಾಗಿ ಜೋಡಿಸಬೇಡಿ. ಅದೇ ದುಡ್ಡಿಗೆ ನನಗೆ ಎರಡು ಸ್ಟಿಕ್ ರ‍್ಯಾಮ್, ನಂಬಿಕಸ್ತ ಎಸ್‌ಎಂಪಿಎಸ್, ಪ್ರತಿ ಭಾಗಕ್ಕೂ ಬಿಲ್ ಸಿಕ್ಕಿತು. ಬ್ಯಾಂಕ್ ಕೆಲಸ, ಟೈಪಿಂಗ್ ಅಷ್ಟೇ ಇರೋರು ರೆಡಿಮೇಡ್ ತಗೊಂಡು ಆರಾಮಾಗಿರಿ. ಒಂದು ಭಾನುವಾರ ಬಿಡುವು ಮಾಡಿಕೊಳ್ಳೋಕೆ ಆಗದವರು ಅಂಗಡಿಗೆ ಹೋಗಿ, ಆದರೆ ಭಾಗಗಳ ಪಟ್ಟಿ ನೀವೇ ಬರೆದುಕೊಂಡು ಹೋಗಿ, ಎರಡು ಸ್ಟಿಕ್ ಅಂದರೆ ಎರಡೇ ಅಂತ ಪಟ್ಟು ಹಿಡೀರಿ. ನನ್ನ ಹಾಗೆ ರಾತ್ರಿ ಹನ್ನೊಂದಕ್ಕೆ ಆಲ್ಬಂ ಮುಗಿಸಿ ಬೆಳಗ್ಗೆ ಪ್ರಿಂಟ್‌ಗೆ ಕಳಿಸಬೇಕಾದೋರು ಸ್ಕ್ರೂ ಡ್ರೈವರ್ ಕೈಗೆ ತಗೊಳ್ಳಿ. ಮುಂದಿನ ಸೀಸನ್ ಒಳಗೆ ಭಾಮೈದನ ಮಷೀನಿಗೂ ಎರಡನೇ ಸ್ಟಿಕ್ ಹಾಕಬೇಕು ಅಂತಿದ್ದೀನಿ, ಅವನಿನ್ನೂ ಒಪ್ಪಿಲ್ಲ.