ನೇರ ಟೂರ್‌ಗಾ, ಅಮೆರಿಕದ ಕಾಲೇಜಿಗಾ?

ಶಿವಮೊಗ್ಗದಲ್ಲಿ ಚೆನ್ನಾಗಿ ಟೆನಿಸ್ ಆಡುವ ಹುಡುಗನಿಗೆ ಪಿಯುಸಿ ಹೊತ್ತಿಗೆ ಈ ಪ್ರಶ್ನೆ ಬರುತ್ತದೆ: ನೇರ ಟೂರ್‌ಗೆ, ಅಂದರೆ ವೃತ್ತಿಪರ ಟೂರ್ನಿಗಳಿಗೆ ಇಳಿಯೋದಾ, ಅಮೆರಿಕದ ಕಾಲೇಜು ಸೇರಿ ಅಲ್ಲಿನ ತಂಡಕ್ಕೆ ಆಡೋದಾ? ಹೇಗಿದ್ದರೂ ಊರು ಬಿಡಲೇಬೇಕು. ಜೂನ್‌ನಲ್ಲಿ ಮಳೆ ಹಿಡಿದರೆ ಬಯಲು ಕೋರ್ಟ್ ಒಣಗೋದೇ ಕಷ್ಟ, ಅಲ್ವಾ?

ನೇರ ವೃತ್ತಿಗೆ ಇಳಿದರೆ ಕೆಳಗಿನ ಮೆಟ್ಟಿಲು ಎಂ15 ಎಂಬ ಪುರುಷರ ಟೂರ್ನಿ. ಒಟ್ಟು ಬಹುಮಾನವೇ 15,000 ಡಾಲರ್. ಸಿಂಗಲ್ಸ್, ಡಬಲ್ಸ್ ಎಲ್ಲರಿಗೂ ಅದರಲ್ಲೇ ಹಂಚಿಕೆ. ಮೊದಲ ಸುತ್ತಲ್ಲೇ ಸೋತರೆ ವಾರದ ಖರ್ಚೂ ಹುಟ್ಟುವುದಿಲ್ಲ. ಕೋಚ್, ವಿಮಾನ, ಫಿಸಿಯೋ ಎಲ್ಲ ಕೈಯಿಂದಲೇ. ಸುಮಿತ್ ನಾಗಲ್ 2023ರಲ್ಲಿ, ದೇಶದ ನಂಬರ್ ಒನ್ ಆಗಿದ್ದಾಗಲೇ, ಖಾತೆಯಲ್ಲಿ ಸುಮಾರು 900 ಯೂರೋ ಮಾತ್ರ ಇದೆ ಎಂದಿದ್ದರು. ಮುಂದಿನ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್‌ನಲ್ಲಿ 31ನೇ ಶ್ರೇಯಾಂಕದ ಬುಬ್ಲಿಕ್ ಅವರನ್ನು ಸೋಲಿಸಿದರು, ಅದು ಬೇರೆ ಮಾತು. ಅಲ್ಲಿಯವರೆಗಿನ ಖರ್ಚು ತಡೆಯಲು ಅಡಿಕೆ ತೋಟ ಎಷ್ಟು ಎಕರೆ ಬೇಕೋ!

ಕಾಲೇಜಿನಲ್ಲಿ ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕರೆ ಫೀಸು, ಊಟ, ಕೋಚ್ ಅವರದೇ. ಡಿಗ್ರಿಯೂ ಕೈಲಿರುತ್ತದೆ. ಸೋಮದೇವ್ ದೇವವರ್ಮನ್ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ 2007, 2008ರಲ್ಲಿ ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ) ಸಿಂಗಲ್ಸ್ ಗೆದ್ದರು. 2010ರಲ್ಲಿ ಏಷ್ಯನ್ ಗೇಮ್ಸ್ ಚಿನ್ನವೂ ಬಂತು. ಪೂರ್ಣಾವಧಿ ಟೂರ್ ತಡ ಆಗುತ್ತದೆ, ಅಷ್ಟೇ.

ಜೂನಿಯರ್ ಗ್ರ್ಯಾಂಡ್‌ಸ್ಲಾಮ್ ಆಡಿದವನಾದರೆ ನೇರ ಹೋಗಲಿ. ಉಳಿದವರಿಗೆ ನನ್ನ ಮತ ಕಾಲೇಜಿಗೇ. ಆದರೆ ಅಲ್ಲಿ ಒಂಬತ್ತನೇ ಕ್ಲಾಸಿನಿಂದಲೇ ಅಂಕ ನೋಡುತ್ತಾರೆ. ಪ್ರಾಕ್ಟೀಸ್ ನೆಪದಲ್ಲಿ ಸುಮ್ನೆ ಪರೀಕ್ಷೆ ತಪ್ಪಿಸಬೇಡಿ.